ಉಪ್ಪಾಗೆ ಕ್ಯಾಪ್ಸೂಲ್: ಜೀವಕೋಶದೊಳಗೆ ಅದು ಮಾಡುವುದೇನು? ಮೈಯ ಕೊಬ್ಬು ಇಳಿಯುತ್ತದಾ?

ತೋಟದಮನೆ_ಶಿರಸಿ

ಮಳೆಗಾಲ ಹಿಡಿದರೆ ನಮ್ಮ ಕಡೆ ಉಪ್ಪಾಗೆ ಎಂಬ ಹುಳಿಹಣ್ಣಿನದೇ ಕೆಲಸ. ಕಾಡಿನಿಂದ ಹಣ್ಣು ತಂದು, ಬೀಜ ಬಿಡಿಸಿ, ಸಿಪ್ಪೆಯನ್ನು ಒಲೆ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸುತ್ತೇವೆ. ಬೀಜದಿಂದ ತುಪ್ಪ ಮಾಡುತ್ತೇವೆ, ಸಿಪ್ಪೆ ವ್ಯಾಪಾರಿಗೆ ಹೋಗುತ್ತದೆ. ಆ ಸಿಪ್ಪೆಯೇ ಆಮೇಲೆ "ಗಾರ್ಸೀನಿಯಾ ಕ್ಯಾಂಬೋಜಿಯಾ, 60% ಎಚ್‌ಸಿಎ, ಫ್ಯಾಟ್ ಬರ್ನರ್" ಎಂಬ ಡಬ್ಬಿಯೊಳಗೆ ಕೂತು ವಾಪಸ್ ಬರುತ್ತದೆಯಂತೆ. ಮನೆಯ ಹುಡುಗರಿಬ್ಬರು ತರಿಸಬೇಕು ಎನ್ನುತ್ತಿದ್ದಾರೆ.

ನಾನು ಬಿ.ಎಸ್ಸಿ. ಓದಿ ಬಹಳ ಕಾಲವಾಯಿತು, ಕ್ರೆಬ್ಸ್ ಚಕ್ರ ಅರ್ಧಂಬರ್ಧ ನೆನಪಿದೆ. ಜಾಹೀರಾತಿನ ಮಾತು ಬೇಡ. ಈ ಎಚ್‌ಸಿಎ ಜೀವಕೋಶದ ಒಳಗೆ ಹೋಗಿ ಏನು ಮಾಡುತ್ತದೆ ಎಂದು ಗೊತ್ತಿದ್ದವರು ಬಿಡಿಸಿ ಹೇಳಿ.

ಜಿಮ್_ಜಯನಗರ

ಅಣ್ಣಾ, ಕೆಲಸ ಮಾಡುತ್ತೆ. ನಮ್ಮ ಜಿಮ್ಮಲ್ಲಿ ಸುಮಾರು ಜನ ತಗೋತಾರೆ. ಕಾರ್ಬ್ಸ್ ಫ್ಯಾಟ್ ಆಗೋದನ್ನೇ ಬ್ಲಾಕ್ ಮಾಡುತ್ತೆ, ಇದು ಸೈಂಟಿಫಿಕ್ ಆಗಿ ಪ್ರೂವ್ ಆಗಿರೋದು. ಅನ್ನ ತಿಂದ್ರೂ ತೊಂದ್ರೆ ಇಲ್ಲ.

ಕೋಶಪಾಠ

ಜಯನಗರದವರ ಮಾತಿನಲ್ಲಿ "ಬ್ಲಾಕ್ ಮಾಡುತ್ತೆ" ಅನ್ನುವುದು ಪುಸ್ತಕದ ಮಟ್ಟಿಗೆ ಸರಿ, "ಅನ್ನ ತಿಂದ್ರೂ ತೊಂದ್ರೆ ಇಲ್ಲ" ಅನ್ನುವುದು ತಪ್ಪು. ನಾನು ಕಾಲೇಜಿನಲ್ಲಿ ಜೀವರಸಾಯನ ಕಲಿಸುವವಳು. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಊಟ ಮಾಡಿದ ಗ್ಲೂಕೋಸ್ ಕೋಶದೊಳಗೆ ಒಡೆದು ಪೈರುವೇಟ್ ಆಗುತ್ತದೆ. ಅದು ಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯದ ಒಳಗೆ ಹೋಗಿ ಅಸಿಟೈಲ್ ಕೋ-ಎ ಆಗುತ್ತದೆ. ಇದು ಎರಡು ಇಂಗಾಲದ ತುಂಡು. ಕೊಬ್ಬಿನಾಮ್ಲ ಕಟ್ಟುವುದಕ್ಕೂ ಕೊಲೆಸ್ಟ್ರಾಲ್ ಕಟ್ಟುವುದಕ್ಕೂ ಇದೇ ಕಚ್ಚಾವಸ್ತು. ಆದರೆ ಕಟ್ಟುವ ಕೆಲಸ ನಡೆಯುವುದು ಮೈಟೋಕಾಂಡ್ರಿಯದ ಹೊರಗೆ, ಸೈಟೋಸಾಲ್‌ನಲ್ಲಿ. ಅಸಿಟೈಲ್ ಕೋ-ಎಗೆ ಮೈಟೋಕಾಂಡ್ರಿಯದ ಒಳಪೊರೆ ದಾಟಲು ಆಗುವುದಿಲ್ಲ. ಹಾಗಾಗಿ ಅದು ಆಕ್ಸಲೋಅಸಿಟೇಟ್ ಜೊತೆ ಸೇರಿ ಸಿಟ್ರೇಟ್ ಆಗುತ್ತದೆ. ಕೋಶಕ್ಕೆ ಶಕ್ತಿ ಸಾಕಷ್ಟಿದ್ದಾಗ ಆ ಸಿಟ್ರೇಟ್ ಒಂದು ವಾಹಕ ಪ್ರೋಟೀನಿನ ಮೂಲಕ ಹೊರಗೆ ಬರುತ್ತದೆ. ಹೊರಗೆ ಬಂದ ಸಿಟ್ರೇಟನ್ನು ಮತ್ತೆ ಅಸಿಟೈಲ್ ಕೋ-ಎ ಮತ್ತು ಆಕ್ಸಲೋಅಸಿಟೇಟ್ ಆಗಿ ಒಡೆಯುವ ಕಿಣ್ವವೇ ಎಟಿಪಿ ಸಿಟ್ರೇಟ್ ಲಯೇಸ್. ಈ ಒಂದು ಒಡೆತಕ್ಕೆ ಒಂದು ಎಟಿಪಿ, ಅಂದರೆ ಕೋಶದ ಶಕ್ತಿಯ ನಾಣ್ಯ, ಖರ್ಚು.

ಎಚ್‌ಸಿಎ ಅಂದರೆ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ನಿಂಬೆಹುಳಿಯ ಸಿಟ್ರಿಕ್ ಆಮ್ಲಕ್ಕೆ ಇನ್ನೊಂದು ಹೈಡ್ರಾಕ್ಸಿಲ್ ಸೇರಿಕೊಂಡ ರೂಪ. ನೋಡಲು ಸಿಟ್ರೇಟಿನ ಹಾಗೇ ಇರುವುದರಿಂದ ಲಯೇಸ್ ಕಿಣ್ವದಲ್ಲಿ ಸಿಟ್ರೇಟ್ ಕೂರಬೇಕಾದ ಜಾಗದಲ್ಲಿ ಇದು ಕೂತುಬಿಡುತ್ತದೆ. ಸಿಟ್ರೇಟ್ ಒಡೆಯುವುದು ಕಡಿಮೆಯಾಗುತ್ತದೆ, ಸೈಟೋಸಾಲ್‌ನಲ್ಲಿ ಅಸಿಟೈಲ್ ಕೋ-ಎ ಇಳಿಯುತ್ತದೆ.

ಮುಂದಿನದು ಇನ್ನೂ ಚಂದ. ಅಸಿಟೈಲ್ ಕೋ-ಎಯಿಂದ ಮ್ಯಾಲೊನೈಲ್ ಕೋ-ಎ ಆಗಬೇಕು. ಒಂದು ಅಸಿಟೈಲ್, ಏಳು ಮ್ಯಾಲೊನೈಲ್ ಸೇರಿದರೆ 16 ಇಂಗಾಲದ ಪಾಮಿಟಿಕ್ ಆಮ್ಲ ತಯಾರು. ಇದೇ ಮ್ಯಾಲೊನೈಲ್ ಕೋ-ಎಗೆ ಇನ್ನೊಂದು ಕೆಲಸವೂ ಇದೆ. ಕೊಬ್ಬಿನಾಮ್ಲಗಳನ್ನು ಉರಿಸಲು ಮೈಟೋಕಾಂಡ್ರಿಯದೊಳಗೆ ಕಳಿಸುವ ಸಿಪಿಟಿ-1 ಎಂಬ ಕಿಣ್ವವನ್ನು ಅದು ತಡೆದು ಹಿಡಿಯುತ್ತದೆ. ಕೊಬ್ಬು ಕಟ್ಟುವಾಗಲೇ ಕೊಬ್ಬು ಸುಡುವುದು ಬೇಡ ಎಂಬ ಏರ್ಪಾಡು. ಎಚ್‌ಸಿಎ ಬಂದು ಮ್ಯಾಲೊನೈಲ್ ಕಡಿಮೆಯಾದರೆ ಆ ತಡೆ ಸಡಿಲವಾಗುತ್ತದೆ. ಕಟ್ಟುವುದು ನಿಲ್ಲಬೇಕು, ಸುಡುವುದು ಹೆಚ್ಚಬೇಕು. ಪುಸ್ತಕದಲ್ಲಿ ಇಷ್ಟು ಅಚ್ಚುಕಟ್ಟಾದ ಗುರಿ ಸಿಗುವುದು ಕಷ್ಟ. ಡಬ್ಬಿ ಮಾರುವವರು ಮಾರುವುದು ಇದೇ ಪುಟವನ್ನು.

ತೋಟದಮನೆ_ಶಿರಸಿ

ಮೇಡಂ, ಇಷ್ಟು ಸ್ಪಷ್ಟವಾಗಿ ನನಗೆ ಕಾಲೇಜಿನಲ್ಲೂ ತಿಳಿದಿರಲಿಲ್ಲ. ಹಾಗಾದರೆ ತೂಕ ಯಾಕೆ ಇಳಿಯಬಾರದು?

ಕೋಶಪಾಠ

ಇಲಿಯಲ್ಲಿ ಇಳಿಯಿತು. ಮನುಷ್ಯರಲ್ಲಿ ಇಳಿಯಲಿಲ್ಲ.

ಕಥೆ ಶುರುವಾದದ್ದು ನಮ್ಮ ಮೈಸೂರಿನಲ್ಲಿ. ಈ ಹುಳಿಯ ಮುಖ್ಯ ಆಮ್ಲ ಸಿಟ್ರಿಕ್ ಅಥವಾ ಟಾರ್ಟಾರಿಕ್ ಎಂದೇ ಮೊದಲು ನಂಬಿದ್ದರು. ಅದು ಹೈಡ್ರಾಕ್ಸಿಸಿಟ್ರಿಕ್ ಎಂದು ತೋರಿಸಿದವರು ಅಲ್ಲಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್, ಪ್ರಬಂಧ 1965ರದ್ದು. 1969ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಲೋವೆನ್‌ಸ್ಟೈನ್ ಗುಂಪು ಇದು ಸಿಟ್ರೇಟ್ ಲಯೇಸನ್ನು ಬಲವಾಗಿ ತಡೆಯುತ್ತದೆ ಎಂದು ಕಂಡುಕೊಂಡಿತು. 70ರ ದಶಕದಲ್ಲಿ ಹಾಫ್‌ಮನ್-ಲಾ ರೋಶ್ ಕಂಪನಿಯವರು ಇಲಿಗಳಿಗೆ ಕೊಟ್ಟು ನೋಡಿದರು. ಲಿವರಿನಲ್ಲಿ ಕೊಬ್ಬು ಕಟ್ಟುವುದು ಇಳಿಯಿತು, ಇಲಿಗಳು ತಿನ್ನುವುದೂ ಕಡಿಮೆಯಾಯಿತು.

ಆದರೆ ಆ ಇಲಿಗಳಿಗೆ ಹಾಕಿದ್ದು ಏನು ನೋಡಿ: ದಿನಕ್ಕೆ ಒಂದೇ ಹೊತ್ತು, ಅದೂ ಗ್ಲೂಕೋಸ್ ತುಂಬಿದ ಆಹಾರ. ಅಂಥ ಇಲಿಯ ಲಿವರ್ ಸಕ್ಕರೆಯನ್ನು ಕೊಬ್ಬು ಮಾಡುವ ಕೆಲಸದಲ್ಲೇ ಮುಳುಗಿರುತ್ತದೆ. ನಮ್ಮ ಮೈ ಹಾಗಲ್ಲ. ನಮ್ಮ ಹೊಟ್ಟೆಯ ಸುತ್ತ ಕೂತ ಕೊಬ್ಬಿನ ಬಹುಪಾಲು ನಾವು ಎಣ್ಣೆ, ತುಪ್ಪ, ಕರಿದ ತಿಂಡಿಯಲ್ಲಿ ಕೊಬ್ಬಾಗಿಯೇ ತಿಂದದ್ದು. ಅದು ಕರುಳಿನಿಂದ ಹೀರಿ, ರಕ್ತದಲ್ಲಿ ಸಾಗಿ, ನೇರ ಕೊಬ್ಬಿನ ಕೋಶಕ್ಕೆ ಹೋಗಿ ಕೂರುತ್ತದೆ. ಸಿಟ್ರೇಟ್ ಲಯೇಸಿನ ಬಾಗಿಲಿಗೆ ಬರುವುದೇ ಇಲ್ಲ. ಅನ್ನ ಹೆಚ್ಚು ತಿಂದಾಗಲೂ ಮೈ ಮೊದಲು ಅದನ್ನೇ ಉರಿಸುತ್ತದೆ, ಗ್ಲೈಕೋಜನ್ ಎಂಬ ದಾಸ್ತಾನು ಮಾಡಿ ಇಡುತ್ತದೆ, ತಿಂದ ಕೊಬ್ಬನ್ನು ಉರಿಸದೆ ಉಳಿಸುತ್ತದೆ. ಕೊಬ್ಬಾಗಿ ಮಾರ್ಪಡುವ ಪಾಲು ಕಡಿಮೆ. ಹಾಗಾಗಿ ಅನ್ನ ತಿಂದು ಕ್ಯಾಪ್ಸೂಲ್ ನುಂಗಿದರೆ ಲೆಕ್ಕ ಚುಕ್ತಾ ಆಗುವುದಿಲ್ಲ.

ಜಿಮ್_ಜಯನಗರ

ಮೇಡಂ, ಆದ್ರೆ ಹ್ಯೂಮನ್ ಸ್ಟಡಿ ಕೂಡ ಇದೆ ಅಂತ ಡಬ್ಬಿ ಮೇಲೇ ಬರೆದಿದೆ.

ವೈದ್ಯೆ_ಹುಬ್ಬಳ್ಳಿ

ಅದಾವ, ಮುಖ್ಯವಾದದ್ದನ್ನ ಹೇಳ್ತೀನಿ. 1998ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಅಧ್ಯಯನ. ತೂಕ ಹೆಚ್ಚಿದ್ದ 135 ಜನ, 12 ವಾರ, ಅರ್ಧ ಮಂದಿಗೆ ದಿನಕ್ಕೆ 1500 ಮಿಲಿಗ್ರಾಂ ಎಚ್‌ಸಿಎ, ಉಳಿದವರಿಗೆ ಬರೀ ಹುಸಿ ಗುಳಿಗಿ. ಎರಡೂ ಗುಂಪಿಗೆ ಒಂದೇ ಪಥ್ಯ. ಎಚ್‌ಸಿಎ ತಗೊಂಡವರು ಸರಾಸರಿ 3.2 ಕೆ.ಜಿ. ಇಳಿದ್ರು. ಹುಸಿ ಗುಳಿಗಿ ತಗೊಂಡವರು 4.1 ಕೆ.ಜಿ. ಇಳಿದ್ರು! ಈ ವ್ಯತ್ಯಾಸಕ್ಕ ಸಂಖ್ಯಾಶಾಸ್ತ್ರದ ಪ್ರಕಾರ ಅರ್ಥ ಇಲ್ಲ, ಅಂದ್ರ ಎರಡೂ ಒಂದೇ. ತೂಕ ಇಳಿಸಿದ್ದು ಪಥ್ಯ.

ಆಮೇಲೆ ಸಣ್ಣ ಸಣ್ಣ ಅಧ್ಯಯನ ಎಲ್ಲಾ ಕೂಡಿಸಿ 2011ರಲ್ಲಿ ವಿಶ್ಲೇಷಣೆ ಮಾಡಿದಾಗ ಸಿಕ್ಕ ವ್ಯತ್ಯಾಸ 0.88 ಕೆ.ಜಿ. ಅದರೊಳಗ ಗಟ್ಟಿ ವಿಧಾನದ ಅಧ್ಯಯನಗಳನ್ನಷ್ಟೇ ನೋಡಿದ್ರ ಅದೂ ಕರಗಿಹೋಗ್ತದ. ಡಬ್ಬಿ ಮ್ಯಾಲೆ ಬರೆಯೋರು ಮೊದಲನೇ ಸಾಲು ಓದಿ ನಿಲ್ಲಿಸ್ತಾರ.

ಪುತ್ತೂರಿನವಳು

ಅಲ್ಲ ಮಾರಾಯ್ರೇ, ನಾವು ಪುನರ್ಪುಳಿ ಸಾರು ವಾರಕ್ಕೆ ಎಷ್ಟು ಸಲ ಮಾಡುವುದಿಲ್ಲ! ಬೇಸಿಗೆಯಲ್ಲಿ ಶರಬತ್ತು ಬೇರೆ. ಅದೂ ಇದೇ ಜಾತಿ ಅಲ್ವಾ? ಅದರಲ್ಲಿಯೂ ಈ ಆಮ್ಲ ಉಂಟಾ? ಇನ್ನು ಅದನ್ನೂ ಬಿಡಬೇಕಾ?

ಕೋಶಪಾಠ

ಪುನರ್ಪುಳಿ, ಅಂದರೆ ಶಿರಸಿಯವರ ಮುರುಗಲು, ಗಾರ್ಸೀನಿಯಾ ಇಂಡಿಕಾ. ಉಪ್ಪಾಗೆ ಗಾರ್ಸೀನಿಯಾ ಗಮ್ಮಿ-ಗುಟ್ಟ. ಕ್ಯಾಂಬೋಜಿಯಾ ಎಂಬುದು ಉಪ್ಪಾಗೆಯದೇ ಹಳೆಯ ಹೆಸರು. ಎರಡರಲ್ಲೂ ಎಚ್‌ಸಿಎ ಇದೆ. ಒಣಗಿದ ಉಪ್ಪಾಗೆ ಸಿಪ್ಪೆಯಲ್ಲಿ ಶೇ 10ರಿಂದ 30ರವರೆಗೆ ಇರಬಹುದು. ಮನೆಮಂದಿಗೆಲ್ಲ ಸೇರಿ ಮಾಡುವ ಸಾರಿಗೆ ಬೀಳುವುದು ನಾಲ್ಕಾರು ಸಿಪ್ಪೆ, ಒಬ್ಬರ ಬಟ್ಟಲಿಗೆ ಬರುವುದು ಅದರಲ್ಲೊಂದು ಪಾಲು. ತಲೆತಲಾಂತರದಿಂದ ಉಂಡ ಸಾರನ್ನು ಬಿಡುವ ಕಾರಣ ನನಗೆ ಕಾಣುವುದಿಲ್ಲ. ಪ್ರಶ್ನೆ ಇರುವುದು ಸಾಂದ್ರ ಸಾರಗಳನ್ನು ತಿಂಗಳುಗಟ್ಟಲೆ ನುಂಗುವುದರ ಬಗ್ಗೆ.

ಇನ್ನೊಂದು ಸೂಕ್ಷ್ಮ. ಎಚ್‌ಸಿಎ ಅಣುವಿಗೆ ನಾಲ್ಕು ಪ್ರತಿರೂಪಗಳಿವೆ. ಲಯೇಸಿಗೆ ಬಲವಾಗಿ ಅಂಟುವುದು ಗಾರ್ಸೀನಿಯಾದಲ್ಲಿರುವ ಒಂದು ರೂಪ ಮಾತ್ರ. ಪುಂಡಿ ಜಾತಿಯ ಗಿಡಗಳಲ್ಲಿಯೂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇದೆ, ಆದರೆ ಅದು ಬೇರೆ ರೂಪ.

ಮಡಿಕೇರಿ_ಮಂಜು

ಕೊಡಗಿನಲ್ಲಿ ಇದೇ ಹಣ್ಣಿನ ರಸ ಇಳಿಸಿ, ಕಪ್ಪಗೆ ಮಂದ ಆಗುವವರೆಗೆ ಕಾಯಿಸಿ ಕಾಚಂಪುಳಿ ಮಾಡ್ತೇವೆ. ಹಂದಿ ಕರಿಗೆ ಕೊನೆಯಲ್ಲಿ ಹಾಕದಿದ್ದರೆ ಅದು ಪಂದಿ ಕರಿಯೇ ಅಲ್ಲ. ಕೊಬ್ಬಿನ ಮಾಂಸಕ್ಕೆ ಕೊಬ್ಬು ತಡೆಯುವ ಹುಳಿ, ಹಿರಿಯರಿಗೆ ಗೊತ್ತಿತ್ತು ನೋಡಿ 😀

ಆದರೆ ಒಂದು ನಿಜವಾದ ಸಂದೇಹ. ಅಷ್ಟು ಕಾಯಿಸಿದ ಮೇಲೂ ಆ ಆಮ್ಲ ಉಳಿಯುತ್ತದಾ?

ಕೋಶಪಾಠ

ಹಿರಿಯರಿಗೆ ಗೊತ್ತಿದ್ದದ್ದು ರುಚಿ ಮತ್ತು ಮಾಂಸ ಕೆಡದ ಹಾಗೆ ಇಡುವುದು. ಹಂದಿಯ ಕೊಬ್ಬು ಆಗಲೇ ಕಟ್ಟಿ ಮುಗಿದ ಕೊಬ್ಬು, ಅದಕ್ಕೆ ಲಯೇಸ್ ತಡೆದು ಏನೂ ಆಗಬೇಕಾಗಿಲ್ಲ.

ಕಾಯಿಸುವ ಪ್ರಶ್ನೆ ಒಳ್ಳೆಯದು. ಆಮ್ಲವನ್ನು ಕಾಯಿಸಿ ಗಟ್ಟಿ ಮಾಡುತ್ತಾ ಹೋದರೆ ಅಣು ತನ್ನೊಳಗೇ ಬಳೆಯಂತೆ ಮುಚ್ಚಿಕೊಂಡು ಲ್ಯಾಕ್ಟೋನ್ ಆಗುತ್ತದೆ. ಲ್ಯಾಕ್ಟೋನಿಗೆ ಕಿಣ್ವವನ್ನು ತಡೆಯುವ ಶಕ್ತಿ ಬಹಳ ಕಡಿಮೆ. ಅದಕ್ಕೇ ಕ್ಯಾಪ್ಸೂಲ್ ತಯಾರಿಸುವವರು ಆಮ್ಲವನ್ನು ಹಾಗೇ ತುಂಬುವುದಿಲ್ಲ. ಕ್ಯಾಲ್ಸಿಯಂ, ಪೊಟ್ಯಾಸಿಯಂ ಸೇರಿಸಿ ಲವಣ ಮಾಡುತ್ತಾರೆ. ಅಲ್ಲಿಗೂ ಕಷ್ಟ ಮುಗಿಯಲಿಲ್ಲ: ಮೂರು ಕಾರ್ಬಾಕ್ಸಿಲ್ ಗುಂಪಿನ, ಋಣ ವಿದ್ಯುದಂಶ ತುಂಬಿದ ಈ ಅಣು ಕೋಶಪೊರೆಯ ಕೊಬ್ಬಿನ ಪದರ ದಾಟಲು ಒದ್ದಾಡುತ್ತದೆ. ಪ್ರಯೋಗದ ತಟ್ಟೆಯಲ್ಲಿ ಕಿಣ್ವದ ಮೇಲೆ ನೇರ ಸುರಿದಾಗ ಕಾಣುವ ಪರಿಣಾಮಕ್ಕೂ, ಬಾಯಿಂದ ನುಂಗಿ ಲಿವರ್ ಕೋಶದೊಳಗೆ ತಲುಪುವ ಪ್ರಮಾಣಕ್ಕೂ ಅಂತರ ದೊಡ್ಡದು.

ಮ್ಯೂನಿಕ್_ಕನ್ನಡಿಗ

ನಾನು ಇಲ್ಲಿ ಒಂದು ಪ್ರಯೋಗಾಲಯದಲ್ಲಿ ಕೋಶಗಳ ಮೇಲೆ ಕೆಲಸ ಮಾಡುತ್ತೇನೆ. ಎಚ್‌ಸಿಎ ನಮಗೆ ತೂಕದ ಮದ್ದಲ್ಲ, ಒಂದು ಉಪಕರಣ. ಕೊಬ್ಬಿನ ವಿಷಯವನ್ನು ದಾಟಿದ ಎರಡು ಸಂಗತಿ ಸೇರಿಸುತ್ತೇನೆ.

ಸೈಟೋಸಾಲ್‌ನ ಅಸಿಟೈಲ್ ಕೋ-ಎ ಕೊಬ್ಬಿಗೆ ಮಾತ್ರ ಹೋಗುವುದಿಲ್ಲ. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳಿಗೆ ಅಂಟಿಸುವ ಅಸಿಟೈಲ್ ಗುಂಪೂ ಅಲ್ಲಿಂದಲೇ ಬರುತ್ತದೆ. ಸಿಟ್ರೇಟ್ ಲಯೇಸ್ ಇಳಿಸಿದರೆ ಹಿಸ್ಟೋನುಗಳ ಅಸಿಟೈಲೀಕರಣವೂ ಇಳಿಯುತ್ತದೆ ಎಂದು 2009ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಅಂದರೆ ಎಷ್ಟು ಸಕ್ಕರೆ ಇದೆ ಎಂಬ ಸುದ್ದಿ ಈ ಕಿಣ್ವದ ಮೂಲಕ ಜೀನುಗಳವರೆಗೂ ಹೋಗುತ್ತದೆ.

ಎರಡನೆಯದು ಆಟೋಫಜಿ, ಕೋಶ ತನ್ನ ಹಳೆಯ ಭಾಗಗಳನ್ನು ತಾನೇ ಜೀರ್ಣಿಸಿಕೊಳ್ಳುವ ಕ್ರಿಯೆ. ಅಸಿಟೈಲ್ ಕೋ-ಎ ಕಡಿಮೆಯಾದರೆ ಕೋಶ ಅದನ್ನು ಉಪವಾಸ ಎಂದು ಓದಿಕೊಂಡು ಆಟೋಫಜಿ ಶುರುಮಾಡುತ್ತದೆ. ಎಚ್‌ಸಿಎ ಕೊಟ್ಟ ಇಲಿಗಳಲ್ಲಿ ಇದು ಕಂಡಿದೆ. 2016ರ ಒಂದು ಕೆಲಸದಲ್ಲಿ ಕೀಮೋಥೆರಪಿಯ ಜೊತೆ ಎಚ್‌ಸಿಎ ಕೊಟ್ಟಾಗ ಇಲಿಗಳ ಗೆಡ್ಡೆಯ ವಿರುದ್ಧ ರೋಗನಿರೋಧಕ ಟಿ-ಕೋಶಗಳ ಹೋರಾಟ ಚುರುಕಾಯಿತು. ಇದನ್ನು ಓದಿ ಯಾರೂ ಕ್ಯಾನ್ಸರ್ ರೋಗಿಗೆ ಡಬ್ಬಿ ತಂದುಕೊಡಬೇಡಿ. ಇದು ಇಲಿಯ ಮಾತು.

ಇನ್ನೊಂದು: ಲಯೇಸ್ ಮುಚ್ಚಿದರೂ ಕೋಶ ಸುಮ್ಮನೆ ಕೂರುವುದಿಲ್ಲ. ಎಸಿಎಸ್ಎಸ್-2 ಎಂಬ ಇನ್ನೊಂದು ಕಿಣ್ವ ಅಸಿಟೇಟಿನಿಂದ ಅಸಿಟೈಲ್ ಕೋ-ಎ ಮಾಡುತ್ತದೆ. ಲಯೇಸ್ ಇಲ್ಲದ ಕೋಶಗಳಲ್ಲಿ ಅದು ಹೆಚ್ಚಾಗುತ್ತದೆ. ಶಿರಸಿಯವರಿಗೆ ಅರ್ಥವಾಗುವಂತೆ ಹೇಳುವುದಾದರೆ, ತೋಟದ ಒಂದು ಕಾಲುವೆಗೆ ಅಡ್ಡ ಕಟ್ಟಿದರೆ ನೀರು ಪಕ್ಕದ ಹೊಂಡದಿಂದ ನುಗ್ಗುತ್ತದೆ.

ಜಿಮ್_ಜಯನಗರ

ಸರಿ, ಕೆಲಸ ಮಾಡಲ್ಲ ಅನ್ಕೊಳೋಣ. ನ್ಯಾಚುರಲ್ ತಾನೇ, ತಗೊಂಡ್ರೆ ನಷ್ಟ ಏನು? ದುಡ್ಡು ಹೋಗುತ್ತೆ ಅಷ್ಟೇ.

ವೈದ್ಯೆ_ಹುಬ್ಬಳ್ಳಿ

ಲಿವರ್ ಹೋಗಬಹುದು ತಮ್ಮಾ. ನಾನೇ ಒಬ್ಬ ಹುಡುಗನನ್ನ ನೋಡೀನಿ, ಕಣ್ಣು ಹಳದಿ, ಮೂತ್ರ ಚಹಾದ ಬಣ್ಣ, ಲಿವರ್ ಹಾನಿ ತೋರಿಸೋ ಎಎಲ್‌ಟಿ ಸಾವಿರದ ಮ್ಯಾಲೆ. ಹೆಪಟೈಟಿಸ್ ಪರೀಕ್ಷೆ ಎಲ್ಲಾ ನೆಗೆಟಿವ್. ಕೇಳಿದಾಗ ಮೊದಲು "ಯಾವ ಔಷಧ ಇಲ್ಲ" ಅಂದ. ಚೀಲದಿಂದ ಡಬ್ಬಿ ತೆಗೆಸಿದ್ದು ಅವರವ್ವ. ನಿಲ್ಲಿಸಿದ ಮ್ಯಾಲೆ ನಿಧಾನಕ್ಕ ಇಳೀತು. ಯಾವ ಬ್ರ್ಯಾಂಡು ಅಂತ ಕೇಳಬ್ಯಾಡ್ರಿ, ಹೇಳೂದಿಲ್ಲ.

ಒಬ್ಬನ ಕಥಿ ಪುರಾವೆ ಅಲ್ಲ, ಅದಕ್ಕ ದಾಖಲೆಯಲ್ಲಿ ಇರೋದನ್ನ ಹೇಳ್ತೀನಿ. 2009ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಹೈಡ್ರಾಕ್ಸಿಕಟ್ ಅನ್ನೋ ತೂಕ ಇಳಿಸೋ ಪದಾರ್ಥ ನಿಲ್ಲಿಸ್ರಿ ಅಂತ ಜನರಿಗೆ ಎಚ್ಚರಿಕೆ ಕೊಟ್ಟಿತು. ಲಿವರ್ ತೊಂದರೆಯ 23 ವರದಿ ಬಂದಿದ್ವು, ಒಂದು ಸಾವು. ಅದರೊಳಗ ಹಲವು ಪದಾರ್ಥ ಇದ್ದವು, ಹಾಗಾಗಿ ಎಲ್ಲಾ ಉಪ್ಪಾಗೆ ತಲೀಗೆ ಕಟ್ಟೋದು ಸರಿಯಲ್ಲ. ಆದರ ಅಮೆರಿಕದಲ್ಲಿ ಔಷಧದಿಂದ ಆಗೋ ಲಿವರ್ ಹಾನಿಯನ್ನೇ ದಾಖಲಿಸೋ ಒಂದು ಜಾಲ ಅದ. 2004ರಿಂದ 2018ರ ತನಕ ಗಾರ್ಸೀನಿಯಾಕ್ಕ ಸಂಬಂಧಿಸಿದ 22 ಪ್ರಕರಣ ಅವರು ಗುರುತಿಸಿದ್ರು. ಐದು ಬರೀ ಗಾರ್ಸೀನಿಯಾ, 16 ಗ್ರೀನ್ ಟೀ ಸಾರದ ಜೊತೆ, ಒಂದು ಅಶ್ವಗಂಧದ ಜೊತೆ. ಎಚ್‌ಎಲ್‌ಎ-ಬಿ 35:01 ಅನ್ನೋ ಜೀನ್ ರೂಪ ಇದ್ದವರು ಅವರಲ್ಲಿ ಹೆಚ್ಚು. ಅಂದ್ರ ಹೆಚ್ಚಿನವರಿಗೆ ಏನೂ ಆಗೋದಿಲ್ಲ, ಕೆಲವರಿಗೆ ಮೈಯ ರೋಗನಿರೋಧಕ ವ್ಯವಸ್ಥೆಯೇ ತಿರುಗಿಬೀಳ್ತದ. ಆ ಕೆಲವರು ಯಾರು ಅಂತ ಮೊದಲೇ ಗೊತ್ತಾಗೋದಿಲ್ಲ.

ಖಿನ್ನತೆಗೆ ಎಸ್ಎಸ್ಆರ್ಐ ಗುಳಿಗಿ ತಗೊಳ್ಳೋರು ಇದರ ಹತ್ತಿರ ಹೋಗಲೇಬಾರದು. ಎರಡೂ ಕೂಡಿ ಸೆರೊಟೋನಿನ್ ಅನ್ನೋ ನರಗಳ ರಾಸಾಯನಿಕ ವಿಪರೀತ ಆದ ವರದಿ ಅದಾವ.

ನಿರ್ವಾಹಕ

ಮಾರಾಟದ ಕೊಂಡಿ ಹಾಕಿದ್ದ ಎರಡು ಪ್ರತಿಕ್ರಿಯೆ ತೆಗೆದಿದ್ದೇವೆ. ಚರ್ಚೆ ಮುಂದುವರಿಯಲಿ.

ಔಷಧಿಯಂಗಡಿ_ದಾವಣಗೆರೆ

ಒಂದು ಮಾತು ಯಾರೂ ಎತ್ತಲಿಲ್ಲ. ಇದೇ ಸಿಟ್ರೇಟ್ ಲಯೇಸ್ ತಡೆಯುವ ಮಾತ್ರೆ ನಮ್ಮ ಅಂಗಡಿಯಲ್ಲಿ ಈಗ ವೈದ್ಯರ ಚೀಟಿ ಮೇಲೆ ಹೋಗುತ್ತಿದೆ. ಹೆಸರು ಬೆಂಪಿಡೋಯಿಕ್ ಆಮ್ಲ, ದಿನಕ್ಕೆ 180 ಮಿಲಿಗ್ರಾಂ. ಬರೆಯುವುದು ಕೊಲೆಸ್ಟ್ರಾಲಿಗೆ, ತೂಕಕ್ಕಲ್ಲ. ಎಚ್‌ಸಿಎ ಸೋತಲ್ಲಿ ಇದು ಹೇಗೆ ಗೆದ್ದಿತು?

ಕೋಶಪಾಠ

ನೀವು ಎತ್ತಿದ್ದು ಒಳ್ಳೆಯದಾಯಿತು, ನನಗೆ ಇಡೀ ವಿಷಯದಲ್ಲಿ ಹೆಚ್ಚು ಇಷ್ಟವಾಗುವ ಭಾಗ ಇದು.

ಬೆಂಪಿಡೋಯಿಕ್ ಆಮ್ಲಕ್ಕೂ ಉಪ್ಪಾಗೆಗೂ ರಚನೆಯಲ್ಲಿ ಸಂಬಂಧವಿಲ್ಲ. ಅದು ಉದ್ದ ಇಂಗಾಲದ ಸರಪಳಿ. ನುಂಗಿದ ರೂಪದಲ್ಲಿ ಅದು ನಿಷ್ಕ್ರಿಯ. ಎಸಿಎಸ್‌ವಿಎಲ್-1 ಎಂಬ ಕಿಣ್ವ ಅದಕ್ಕೆ ಕೋ-ಎ ಜೋಡಿಸಿದ ಮೇಲೆಯೇ ಲಯೇಸನ್ನು ತಡೆಯುವ ಶಕ್ತಿ ಬರುತ್ತದೆ. ಆ ಕಿಣ್ವ ಲಿವರಿನಲ್ಲಿದೆ, ಎಲುಬಿಗೆ ಅಂಟಿದ ಸ್ನಾಯುಗಳಲ್ಲಿ ಇಲ್ಲ. ಹಾಗಾಗಿ ಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಂಡರೆ ಮೈಕೈ ನೋವು ಎನ್ನುವವರಿಗೆ ಇದು ಹೊಂದುತ್ತದೆ. ಮದ್ದು ಎಲ್ಲಿ ಎಚ್ಚರವಾಗಬೇಕೋ ಅಲ್ಲಿ ಮಾತ್ರ ಎಚ್ಚರವಾಗುತ್ತದೆ.

ಲಿವರ್ ಕೋಶದಲ್ಲಿ ಅಸಿಟೈಲ್ ಕೋ-ಎ ಕಡಿಮೆಯಾದರೆ ಕೊಲೆಸ್ಟ್ರಾಲ್ ತಯಾರಿಯೂ ಕಡಿಮೆ. ಸ್ಟಾಟಿನ್ ಇದೇ ದಾರಿಯಲ್ಲಿ ಇನ್ನೂ ಎರಡು ಹೆಜ್ಜೆ ಮುಂದೆ ತಡೆಯುತ್ತದೆ. ಕೊಲೆಸ್ಟ್ರಾಲ್ ಸಾಲದು ಎಂದಾಗ ಕೋಶ ತನ್ನ ಮೇಲ್ಮೈಯಲ್ಲಿ ಎಲ್‌ಡಿಎಲ್ (ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರುವ ಕಣ) ಹಿಡಿಯುವ ಗ್ರಾಹಕಗಳನ್ನು ಹೆಚ್ಚಿಸಿಕೊಂಡು ರಕ್ತದಿಂದ ಎಳೆದುಕೊಳ್ಳುತ್ತದೆ. ರಕ್ತದ ಎಲ್‌ಡಿಎಲ್ ಇಳಿಯುವುದು ಹೀಗೆ. ತಮಾಷೆಯೆಂದರೆ, ಎಚ್‌ಸಿಎ ಹಾಕಿದ ಲಿವರ್ ಕೋಶಗಳಲ್ಲಿಯೂ ಎಲ್‌ಡಿಎಲ್ ಗ್ರಾಹಕ ಹೆಚ್ಚುವುದು 1990ರಲ್ಲೇ ಕಂಡಿತ್ತು. ಜಗತ್ತು ಮಾತ್ರ ತೂಕದ ಹಿಂದೆ ಬಿದ್ದಿತ್ತು.

ಬೆಂಪಿಡೋಯಿಕ್ ಆಮ್ಲದ ಮೇಲೆ 2023ರಲ್ಲಿ ಪ್ರಕಟವಾದ ಕ್ಲಿಯರ್ ಔಟ್‌ಕಮ್ಸ್ ಪರೀಕ್ಷೆಯಲ್ಲಿ ಸ್ಟಾಟಿನ್ ಒಗ್ಗದ 13,970 ಜನರಿದ್ದರು. ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಸೇರಿದ ಒಟ್ಟು ಅಪಾಯ ಶೇ 13ರಷ್ಟು ಇಳಿಯಿತು. ನೇರ ಲೆಕ್ಕದಲ್ಲಿ ಹುಸಿ ಗುಳಿಗೆಯವರಲ್ಲಿ ಶೇ 13.3, ಮದ್ದು ತೆಗೆದುಕೊಂಡವರಲ್ಲಿ 11.7. ಈಗ ಜಯನಗರದವರು ಯೋಚಿಸಲಿ: ಲಿವರಿನ ಸಿಟ್ರೇಟ್ ಲಯೇಸನ್ನು ನಿಜವಾಗಿ, ವರ್ಷಗಟ್ಟಲೆ, ಸಾವಿರಾರು ಜನರಲ್ಲಿ ತಡೆದ ಮದ್ದು ಇದು. ಆದರೂ ಇದನ್ನು ತೂಕ ಇಳಿಸಲು ಯಾವ ವೈದ್ಯರೂ ಬರೆಯುವುದಿಲ್ಲ. ಗುರಿ ಸರಿಯಾಗಿಯೇ ಇತ್ತು, ಅದರಿಂದ ಬಯಸಿದ ಫಲ ಬೇರೆ ಆಗಬೇಕಿತ್ತು.

ಜಿಮ್_ಜಯನಗರ

ಇದು ಮಾತ್ರ ಸಖತ್ ಪಾಯಿಂಟ್ ಮೇಡಂ. ಡಬ್ಬಿ ಅರ್ಧ ಉಳಿದಿದೆ, ಯಾರಿಗೂ ಕೊಡಲ್ಲ ಬಿಡಿ.

ತೋಟದಮನೆ_ಶಿರಸಿ

ಎಲ್ಲರಿಗೂ ನಮಸ್ಕಾರ. ಹುಡುಗರಿಗೆ ಈ ಚರ್ಚೆಯನ್ನೇ ಓದಲು ಕಳಿಸಿದ್ದೇನೆ.

ಆದರೆ ನಮ್ಮ ಕಡೆಯ ಒಂದು ಮಾತು. ಈ ಕ್ಯಾಪ್ಸೂಲಿನ ಬೇಡಿಕೆ ಏರಿದಾಗ ಸಿಪ್ಪೆಗೆ ದರ ಬಂತು, ಕಾಡಂಚಿನ ಮನೆಗಳಿಗೆ ಮಳೆಗಾಲದಲ್ಲಿ ಕೈಯಲ್ಲಿ ಕಾಸು ಓಡಾಡಿತು. ಜೊತೆಗೆ ಪೈಪೋಟಿಯೂ ಬಂತು. ಹಣ್ಣಾಗಿ ಬೀಳುವವರೆಗೆ ಕಾಯದೆ ಕಾಯಿ ಇರುವಾಗಲೇ ಕೊಂಬೆ ಕಡಿದು ಒಯ್ದವರಿದ್ದಾರೆ. ಬೀಜ ಬಲಿಯದಿದ್ದರೆ ಸಸಿ ಎಲ್ಲಿಂದ? ಮಳೆಯಲ್ಲಿ ಒಣಗಿಸಲು ಸೌದೆ ಎಷ್ಟು ಸುಟ್ಟಿದೆ ಎಂದು ಯಾರೂ ಡಬ್ಬಿ ಮೇಲೆ ಬರೆಯುವುದಿಲ್ಲ. ಸೌದೆ ಕಡಿಮೆ ತಿನ್ನುವ ಒಣಗಿಸುವ ಒಲೆಗಳು ಬಂದ ಮೇಲೆ ಸ್ವಲ್ಪ ವಾಸಿ.

ಮ್ಯೂನಿಕ್_ಕನ್ನಡಿಗ

ತೂಕ ಬಿಟ್ಟು ಬೇರೆ ಉಪಯೋಗ ಸಿಕ್ಕರೆ ನಿಮ್ಮ ಸಿಪ್ಪೆಗೆ ಮತ್ತೆ ಬೇಡಿಕೆ ಬಂದೀತು. 2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಹ್ಯೂಸ್ಟನ್ನಿನ ಗುಂಪೊಂದು ತೋರಿಸಿತು: ಮೂತ್ರಪಿಂಡದ ಕಲ್ಲಿನ ಮುಖ್ಯ ಪದಾರ್ಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಬೆಳೆಯುವುದನ್ನು ಎಚ್‌ಸಿಎ ತಡೆಯುತ್ತದೆ, ಕೆಲವು ಸ್ಥಿತಿಯಲ್ಲಿ ಕರಗಿಸಲೂಬಲ್ಲದು. ಅಲ್ಲಿ ಕೋಶದೊಳಗೆ ಹೋಗುವ ತಲೆನೋವೇ ಇಲ್ಲ, ಮೂತ್ರಕ್ಕೆ ಬಂದರೆ ಸಾಕು.

ಪುತ್ತೂರಿನವಳು

ಔಷಧಿಯಂಗಡಿಯವರೇ, ಒಂದು ಕೇಳಲಿಕ್ಕುಂಟು. ನಮ್ಮ ಅಪ್ಪನಿಗೆ ಸಿಮ್ವಾಸ್ಟಾಟಿನ್ 40 ನಡೀತಾ ಉಂಟು, ಸ್ವಲ್ಪ ಗೌಟ್ (ಯೂರಿಕ್ ಆಮ್ಲದ ಕೀಲುನೋವು) ಕೂಡ ಇದೆ. ಈ ಬೆಂಪಿಡೋಯಿಕ್ ಕೇಳಿ ನೋಡುವುದಾ ಡಾಕ್ಟ್ರ ಹತ್ತಿರ?

ಔಷಧಿಯಂಗಡಿ_ದಾವಣಗೆರೆ

ಅಕ್ಕಾ, ಕೇಳಿ, ಆದರೆ ಈ ಎರಡೂ ವಿಷಯ ಡಾಕ್ಟರಿಗೆ ಮೊದಲೇ ಹೇಳಿ. ಸಿಮ್ವಾಸ್ಟಾಟಿನ್ 20 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಇದನ್ನು ಜೊತೆಗೆ ಕೊಡುವಂತಿಲ್ಲ, ರಕ್ತದಲ್ಲಿ ಸ್ಟಾಟಿನ್ ಏರುತ್ತದೆ. ಇನ್ನು ಇದು ಯೂರಿಕ್ ಆಮ್ಲವನ್ನೂ ಏರಿಸುತ್ತದೆ. ಕೋಶಪಾಠದವರು ಹೇಳಿದ ಆ ಪರೀಕ್ಷೆಯಲ್ಲೇ ಗೌಟ್ ಹುಸಿ ಗುಳಿಗೆಯವರಲ್ಲಿ ಶೇ 2.1, ಮದ್ದಿನವರಲ್ಲಿ 3.1 ಆಗಿತ್ತು, ಪಿತ್ತಕೋಶದ ಕಲ್ಲೂ ಸ್ವಲ್ಪ ಹೆಚ್ಚಿತ್ತು. ಅಪ್ಪನಿಗೆ ಸ್ಟಾಟಿನ್ ಒಗ್ಗುತ್ತಿದ್ದರೆ ಅದನ್ನೇ ಬದಲಾಯಿಸಿ ನೋಡುವ ದಾರಿ ಡಾಕ್ಟರ್ ಹೇಳಬಹುದು. ಹೋಗುವಾಗ ಹೊಸ ಯೂರಿಕ್ ಆಸಿಡ್ ವರದಿ ಒಯ್ಯಿರಿ. ಪುನರ್ಪುಳಿ ಸಾರು ನಡೆಯಲಿ.